ವಾಲಿದ ದವಡೆಹಲ್ಲನ್ನು ನೆಟ್ಟಗೆ ನಿಲ್ಲಿಸುವುದು

ಹಲ್ಲಿಗೆ ಕ್ಲಿಪ್ ಹಾಕಿಸುವುದೆಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಹೈಸ್ಕೂಲು ಅಥವಾ ಕಾಲೇಜಿನಲ್ಲಿ ಓದುವ ಮಕ್ಕಳು, ಅವರ ಉಬ್ಬುಹಲ್ಲು, ಒಂದರ ಮೇಲೊಂದು ಏರಿಕೊಂಡ ಮುಂದಿನ ಹಲ್ಲುಗಳು, ಮದುವೆಯ ಮಾತುಕತೆಗೆ ಮುಂಚೆ ಅದನ್ನೆಲ್ಲ ಸರಿಮಾಡಿಸಿಬಿಡಬೇಕೆಂಬ ಮನೆಯವರ ಆತುರ. ನಕ್ಕಾಗ ಕಾಣುವ ಹಲ್ಲಿಗೆ ಮಾತ್ರ ಈ ಚಿಕಿತ್ಸೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಕೆನ್ನೆಯ ಮರೆಯಲ್ಲಿ ದವಡೆಹಲ್ಲೊಂದು ವರ್ಷಾನುಗಟ್ಟಲೆ ಪಕ್ಕಕ್ಕೆ ವಾಲುತ್ತ ಬಂದರೂ ಅದನ್ನು ನೆಟ್ಟಗೆ ನಿಲ್ಲಿಸಬಹುದು, ನಿಲ್ಲಿಸಬೇಕು ಎಂಬ ಆಲೋಚನೆ ಯಾರಿಗೂ ಬರುವುದಿಲ್ಲ. ನಲವತ್ತು ದಾಟಿದ ಮೇಲೆ ಈ ಚಿಕಿತ್ಸೆಯನ್ನು ಮಾಡಿಸಿಕೊಂಡವಳು ನಾನು. ಮುಖದ ಅಂದಕ್ಕೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ಬಿದ್ದುಹೋದ ಹಲ್ಲಿನ ಜಾಗವನ್ನು ತುಂಬಿಸುವ ಮೊದಲು ಅದರ ಪಕ್ಕದ ಹಲ್ಲನ್ನು ಸರಿಪಡಿಸುವುದು ಎಷ್ಟು ಮುಖ್ಯ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿದೆ.

ಇದರ ಬೇರು ಬಾಲ್ಯದಲ್ಲಿದೆ. ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಹೊಸದೊಂದು ದವಡೆಹಲ್ಲು ಮೂಡುತ್ತದೆ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಇವು ಶಾಶ್ವತ ಹಲ್ಲುಗಳು. ಇವುಗಳ ಎನಾಮಲ್ ಕಟ್ಟಲು ಆರಂಭವಾಗುವುದೇ ಮಗು ಹುಟ್ಟುವ ಸಮಯದಲ್ಲಿ. ಆದರೆ ಹಲ್ಲು ಬಿದ್ದ ಜಾಗದಲ್ಲಿ ಹುಟ್ಟಿದ್ದು ಮಾತ್ರ ಶಾಶ್ವತ ಎಂಬ ಲೆಕ್ಕಾಚಾರ ಮನೆಮನೆಯಲ್ಲೂ ಇರುವುದರಿಂದ, ಈ ಹಲ್ಲನ್ನು ತಾಯಿತಂದೆಯರು ಹಾಲುಹಲ್ಲೆಂದೇ ಭಾವಿಸುತ್ತಾರೆ. ಇದರ ಮೇಲ್ಮೈಯಲ್ಲಿ ಆಳವಾದ ಗೆರೆಗಳಿರುತ್ತವೆ, ಮಗುವಿನ ಬ್ರಷ್ ಅಷ್ಟು ಹಿಂದಕ್ಕೆ ತಲುಪುವುದಿಲ್ಲ, ಹುಳುಕು ಬೇಗ ಹತ್ತುತ್ತದೆ. ನೋವು ಬಂದಾಗ ‘ಹೇಗಿದ್ದರೂ ಬೀಳುವ ಹಲ್ಲು’ ಎಂದು ಬಿಟ್ಟುಬಿಡುತ್ತಾರೆ. ಕೊನೆಗೆ ಮುಖ ಊದಿಕೊಂಡು, ರಾತ್ರಿಯಿಡೀ ಮಗು ಅತ್ತ ಮೇಲೆ ಹಲ್ಲನ್ನು ಕೀಳಿಸಲಾಗುತ್ತದೆ. ನನ್ನ ಕೆಳದವಡೆಯ ಬಲಗಡೆಯ ಮೊದಲ ದವಡೆಹಲ್ಲು ಹೋದದ್ದು ಹೈಸ್ಕೂಲಿನ ದಿನಗಳಲ್ಲಿ. ಮಲೆನಾಡಿನ ನಮ್ಮ ಊರಿನಿಂದ ಬಸ್ಸು ಹತ್ತಿ ಹೋಗಬೇಕಾಗಿದ್ದ ಪೇಟೆಯಲ್ಲಿ ಆಗ ರೂಟ್ ಕೆನಾಲ್ ಎಂಬ ಮಾತೇ ಇರಲಿಲ್ಲ. ಹಲ್ಲುನೋವಿಗೆ ಹಲ್ಲು ಕೀಳುವುದೊಂದೇ ದಾರಿಯಾಗಿತ್ತು.

ಹೀಗೆ ಎಲ್ಲರಿಗಿಂತ ಮೊದಲು ಹೋಗುವ ಈ ಹಲ್ಲು ಬಾಯಿಯ ಇಡೀ ವ್ಯವಸ್ಥೆಯ ಆಧಾರ. ಆಧುನಿಕ ದಂತವಕ್ರತೆಯ ಚಿಕಿತ್ಸಾಶಾಸ್ತ್ರಕ್ಕೆ ಬುನಾದಿ ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಹಲ್ಲುಗಳ ವಕ್ರತೆಯನ್ನು ವರ್ಗೀಕರಿಸಲು ಹೊರಟಾಗ ಅಳತೆಗೋಲಾಗಿ ಹಿಡಿದದ್ದು ಇದೇ ಮೊದಲ ದವಡೆಹಲ್ಲನ್ನು. ಮೇಲಿನ ಮೊದಲ ದವಡೆಹಲ್ಲೂ ಕೆಳಗಿನದೂ ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದರ ಮೇಲೆಯೇ ಅವರು ಮಾಡಿದ ಮೂರು ವರ್ಗಗಳು ನಿಂತಿವೆ, ಇಂದಿಗೂ ದಂತವೈದ್ಯರು ಅದೇ ಭಾಷೆಯಲ್ಲಿ ಮಾತಾಡುತ್ತಾರೆ.

ಈ ಹಲ್ಲು ಹೋದ ಮೇಲೆ ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ, ಅಷ್ಟೇ ಎಂದು ನಾವು ತಿಳಿಯುತ್ತೇವೆ. ಆದರೆ ಬಾಯಲ್ಲಿ ಖಾಲಿ ಜಾಗವೆಂಬುದು ಖಾಲಿಯಾಗಿ ಉಳಿಯುವುದಿಲ್ಲ. ಹಲ್ಲುಗಳು ಮೂಳೆಯಲ್ಲಿ ಮೊಳೆಯಂತೆ ಹೂತು ನಿಂತಿಲ್ಲ. ಮೂಳೆಗೂ ಬೇರಿಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ತೆಳುವಾದ ನಾರುಪೊರೆಯೊಂದಿದ್ದು, ಅದರ ನಾರುಗಳಲ್ಲಿ ಹಲ್ಲು ತೂಗಿಕೊಂಡಿರುತ್ತದೆ. ಪಕ್ಕದ ಹಲ್ಲಿನ ಆಸರೆ, ಎದುರು ಹಲ್ಲಿನ ಒತ್ತು, ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ, ಇವೆಲ್ಲದರ ಹೊಂದಾಣಿಕೆಯಿಂದ ಅದು ತನ್ನ ಜಾಗದಲ್ಲಿ ನಿಂತಿದೆ. ಮುಂದಿನ ಆಸರೆ ತಪ್ಪಿದೊಡನೆ, ಹನ್ನೆರಡರ ವಯಸ್ಸಿಗೆ ಬರುವ ಎರಡನೇ ದವಡೆಹಲ್ಲು ಮುಂದಕ್ಕೆ ಬಾಗತೊಡಗುತ್ತದೆ, ಏಕೆಂದರೆ ನಾವು ಪ್ರತಿಸಲ ಅಗಿದಾಗಲೂ ದವಡೆಹಲ್ಲುಗಳ ಮೇಲೆ ಬೀಳುವ ಒತ್ತಡದ ಒಂದು ಪಾಲು ಅವನ್ನು ಮುಂದಕ್ಕೇ ತಳ್ಳುತ್ತಿರುತ್ತದೆ. ಕೆಳದವಡೆಯಲ್ಲಿ ಅದು ಮುಂದಕ್ಕೆ ಬಾಗುವುದರ ಜೊತೆಗೆ ನಾಲಿಗೆಯ ಕಡೆಗೂ ಹೊರಳುವುದು ಸಾಮಾನ್ಯ. ಮುಂದಿನ ಚಿಕ್ಕ ದವಡೆಹಲ್ಲು ಹಿಂದಕ್ಕೆ ಸರಿಯುತ್ತದೆ. ಎದುರಿಗೆ ಜೋಡಿಯಿಲ್ಲದ ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತದೆ. ಹೀಗೆ ಒಂದು ಹಲ್ಲು ಹೋದರೆ ಮೂರು ಹಲ್ಲುಗಳು ಜಾಗ ಬದಲಿಸುತ್ತವೆ, ಅದೂ ಎಷ್ಟು ನಿಧಾನವಾಗಿ ಎಂದರೆ ಬಾಯಿ ಇರುವವರಿಗೇ ಅದು ತಿಳಿಯುವುದಿಲ್ಲ.

ನನಗೆ ತಿಳಿದದ್ದು ಊಟ ಸಿಕ್ಕಿಕೊಳ್ಳುವುದರಿಂದ. ಬಲಗಡೆ ಅಗಿಯುವುದನ್ನು ನಾನು ಎಂದೋ ಬಿಟ್ಟಿದ್ದರೂ, ಸೊಪ್ಪಿನ ಪಲ್ಯದ ಎಳೆ, ತೆಂಗಿನ ತುರಿ, ಅವಲಕ್ಕಿ, ಏನೇ ತಿಂದರೂ ಆ ವಾಲಿದ ಹಲ್ಲಿನ ಮುಂಬದಿಯ ಅಡಿಯಲ್ಲಿ ಹೋಗಿ ಕೂರುತ್ತಿತ್ತು. ಆ ಹಲ್ಲಿನ ಮುಂದೆ ವಸಡು ಮಡಿಚಿಕೊಂಡು ಒಂದು ಸಂದಿಯಾಗಿತ್ತು. ಬ್ರಷ್ಷಿನ ಕೂದಲು ಅದರೊಳಗೆ ಇಳಿಯುತ್ತಿರಲಿಲ್ಲ. ವಸಡು ಆಗಾಗ ಊದಿ ರಕ್ತ ಬರುತ್ತಿತ್ತು. ಮನೆಯಲ್ಲಿ ನಮ್ಮ ಅತ್ತೆಯವರು, ‘ಒಂದು ಕಡೆ ಅಗಿಯೋದಕ್ಕೆ ಆಗ್ತದಲ್ಲಮ್ಮ, ಇರೋ ಹಲ್ಲಿಗೆ ಯಾಕೆ ಕೈ ಹಾಕಿಸ್ತಿ’ ಎಂದು ಕಾಳಜಿಯಿಂದಲೇ ಹೇಳುತ್ತಿದ್ದರು. ಅವರ ಕಾಲದವರೆಲ್ಲ ಹಾಗೆಯೇ ನಡೆಸಿಕೊಂಡು ಬಂದವರು. ಆದರೆ ಒಂದೇ ಕಡೆ ಅಗಿಯುತ್ತ ಹೋದರೆ ಆ ಕಡೆಯ ಹಲ್ಲುಗಳು ಸವೆಯುತ್ತವೆ, ಅಗಿಯದ ಕಡೆ ಪಾಚಿ ಗಟ್ಟಿಯಾಗುತ್ತದೆ. ನನ್ನ ಬಾಯಲ್ಲಿ ಎರಡೂ ಆಗಿದ್ದವು.

ಬ್ರಿಡ್ಜ್ ಕಟ್ಟಿಸಿಕೊಳ್ಳೋಣವೆಂದೇ ನಾನು ದಂತವೈದ್ಯರ ಬಳಿ ಹೋದದ್ದು. ಅವರು ಬಾಯಿಯ ಪೂರ್ತಿ ಎಕ್ಸ್‌ರೇ, ಅಂದರೆ ಓಪಿಜಿ ತೆಗೆಸಿ, ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ಉಳಿದ ಹಲ್ಲುಗಳೆಲ್ಲ ಸಾಲಾಗಿ ನಿಂತಿರುವಾಗ ಅದೊಂದು ಹಲ್ಲು ಮಾತ್ರ ತನ್ನ ತಲೆಯನ್ನು ಖಾಲಿ ಜಾಗದ ಮೇಲೆ ಚಾಚಿಕೊಂಡಿತ್ತು, ಬೇರುಗಳು ಹಿಂದಕ್ಕೆ ಹೋಗಿದ್ದವು, ಮುಂಬದಿಯ ಮೂಳೆ ಇಳಿಜಾರಾಗಿ ಕಾಣುತ್ತಿತ್ತು. ‘ಈ ಹಲ್ಲು ಮಲಗಿಬಿಟ್ಟಿದೆ ಮೇಡಂ. ಇದನ್ನ ಹೀಗೇ ಇಟ್ಟುಕೊಂಡು ಬ್ರಿಡ್ಜ್ ಕೂರಿಸಿದರೆ ಬಹಳ ದಿನ ಬಾಳೋದಿಲ್ಲ’ ಎಂದರು.

ಕಾರಣವನ್ನು ಅವರು ಬಿಡಿಸಿ ಹೇಳಿದಾಗ ನನಗೆ ಮನವರಿಕೆಯಾಯಿತು. ಬ್ರಿಡ್ಜ್ ಎಂದರೆ ಎರಡು ಬದಿಯ ಹಲ್ಲುಗಳನ್ನು ಅರೆದು, ಅವುಗಳ ಮೇಲೆ ಒಂದೇ ತುಂಡಿನ ಕ್ಯಾಪನ್ನು ಕೂರಿಸುವುದು. ಎರಡೂ ಹಲ್ಲುಗಳು ಒಂದಕ್ಕೊಂದು ಸಮಾನಾಂತರವಾಗಿದ್ದರೆ ಮಾತ್ರ ಕ್ಯಾಪು ನೇರವಾಗಿ ಇಳಿಯುತ್ತದೆ. ಒಂದು ಹಲ್ಲು ಬಹಳ ಬಾಗಿದ್ದರೆ ಅದರ ಒಂದು ಬದಿಯನ್ನು ವಿಪರೀತ ಅರೆಯಬೇಕಾಗುತ್ತದೆ, ಒಳಗಿನ ನರದವರೆಗೂ ಹೋಗಿಬಿಟ್ಟರೆ ಚೆನ್ನಾಗಿದ್ದ ಹಲ್ಲಿಗೇ ರೂಟ್ ಕೆನಾಲ್ ಮಾಡಬೇಕಾದೀತು. ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಹಾಕಿಸುವುದಾದರೆ ಬೇರೆಯದೇ ತೊಡಕು: ಪಕ್ಕದ ಹಲ್ಲಿನ ತಲೆ ಜಾಗವನ್ನು ಕಬಳಿಸಿರುವುದರಿಂದ ಹೊಸ ಹಲ್ಲಿಗೆ ಅಗಲವೇ ಸಾಲುವುದಿಲ್ಲ. ಇದಲ್ಲದೆ, ಹಲ್ಲು ತನ್ನ ನಿಲುವಿನ ನೇರಕ್ಕೆ ಬೀಳುವ ಒತ್ತಡವನ್ನು ಎಷ್ಟು ಚೆನ್ನಾಗಿ ತಡೆದುಕೊಳ್ಳುತ್ತದೋ ಅಡ್ಡಕ್ಕೆ ಬೀಳುವ ಒತ್ತಡವನ್ನು ಅಷ್ಟು ತಡೆದುಕೊಳ್ಳುವುದಿಲ್ಲ. ಇಷ್ಟೆಲ್ಲ ಇದ್ದರೂ ವಾಲಿದ ಹಲ್ಲಿನ ಮೇಲೆಯೇ ಬ್ರಿಡ್ಜ್ ಕೂರಿಸುವುದುಂಟು. ಬಾಗು ಕಡಿಮೆಯಿದ್ದರೆ ಅದರಲ್ಲಿ ತಪ್ಪೂ ಇಲ್ಲ. ನನ್ನ ಹಲ್ಲು ಆ ಹಂತವನ್ನು ದಾಟಿತ್ತು.

ಹಲ್ಲನ್ನು ಚಲಿಸುವ ವಿದ್ಯೆಯ ಒಳಗುಟ್ಟು ಬಲದಲ್ಲಿಲ್ಲ, ಬಲ ಕಡಿಮೆ ಇರುವುದರಲ್ಲಿದೆ. ಹಲ್ಲಿನ ಮೇಲೆ ಹಗುರವಾದ ಒತ್ತಡವನ್ನು ಬಿಡದೆ ಹಾಕಿದರೆ, ಒತ್ತು ಬಿದ್ದ ಬದಿಯಲ್ಲಿ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆಲಸಕ್ಕಿಳಿಯುತ್ತವೆ, ಎಳೆತ ಬಿದ್ದ ಬದಿಯಲ್ಲಿ ಮೂಳೆ ಕಟ್ಟುವ ಜೀವಕೋಶಗಳು ಹೊಸ ಮೂಳೆ ತುಂಬುತ್ತವೆ, ಹಲ್ಲು ತನ್ನ ಸುತ್ತಲಿನ ಗೂಡನ್ನೇ ಜೊತೆಗೆ ಕೊಂಡೊಯ್ಯುತ್ತ ಸರಿಯುತ್ತದೆ. ಒತ್ತಡ ಹೆಚ್ಚಾದರೆ ಆ ತೆಳು ನಾರುಪೊರೆಯ ರಕ್ತನಾಳಗಳು ಮುಚ್ಚಿಹೋಗಿ ಅಂಗಾಂಶ ಸತ್ತಂತಾಗುತ್ತದೆ. ಆಗ ಹಲ್ಲು ಮುಂದೆ ಸಾಗುವ ಬದಲು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ, ಬೇರಿನ ತುದಿ ಸವೆಯುವ ಅಪಾಯವೂ ಏರುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904ರ ಹೊತ್ತಿಗೇ ನಾಯಿಗಳ ಹಲ್ಲುಗಳ ಮೇಲೆ ಪ್ರಯೋಗ ನಡೆಸಿ, ಸೂಕ್ಷ್ಮದರ್ಶಕದ ಕೆಳಗೆ ಈ ವ್ಯತ್ಯಾಸವನ್ನು ಕಂಡಿದ್ದರು. ಗಾಳಿಮಳೆಗೆ ವಾಲಿದ ಅಡಿಕೆ ಸಸಿಗೆ ಹಗ್ಗ ಕಟ್ಟಿ ಒಂದೇ ಸಲಕ್ಕೆ ಜಗ್ಗಿದರೆ ಬೇರು ಹರಿಯುತ್ತದೆ. ಗೂಟ ನೆಟ್ಟು, ಸ್ವಲ್ಪವೇ ಬಿಗಿದು, ಕೆಲ ದಿನ ಬಿಟ್ಟು ಮತ್ತೆ ಸ್ವಲ್ಪ ಬಿಗಿದರೆ ಸಸಿ ನೆಟ್ಟಗಾಗುತ್ತದೆ. ತೋಟದಲ್ಲಿ ಅಪ್ಪಯ್ಯ ಮಾಡುತ್ತಿದ್ದುದನ್ನು ನೋಡಿ ಬೆಳೆದ ನನಗೆ ವೈದ್ಯರ ಮಾತು ಅರ್ಥವಾಗಲು ತಡವಾಗಲಿಲ್ಲ.

ಮೊದಲು ವಸಡಿನ ಚಿಕಿತ್ಸೆ ನಡೆಯಿತು. ವಸಡಿನಲ್ಲಿ ಸೋಂಕಿರುವಾಗ ಹಲ್ಲನ್ನು ಸರಿಸಿದರೆ ಮೂಳೆ ಕರಗುವುದು ಹೆಚ್ಚಾಗುತ್ತದೆಯೇ ಹೊರತು ಕಟ್ಟುವುದಿಲ್ಲ, ಆದ್ದರಿಂದ ಪಾಚಿ ತೆಗೆದು, ಊತ ಇಳಿದು, ರಕ್ತ ನಿಂತ ಮೇಲೆಯೇ ಆರ್ಥೊಡಾಂಟಿಸ್ಟ್, ಅಂದರೆ ವಕ್ರಹಲ್ಲುಗಳನ್ನು ಸರಿಪಡಿಸುವ ತಜ್ಞರು, ಕೆಲಸ ಶುರುಮಾಡಿದರು. ಹಿಂದೆ ಅರ್ಧ ಹೂತುಕೊಂಡಿದ್ದ ಬುದ್ಧಿಹಲ್ಲನ್ನು ಕೀಳಿಸಬೇಕಾಯಿತು, ಏಕೆಂದರೆ ವಾಲಿದ ಹಲ್ಲು ಹಿಂದಕ್ಕೆ ಏಳಲು ಅಲ್ಲಿ ಜಾಗ ಬೇಕು.

ಆಮೇಲಿನದು ನಾನು ಕನ್ನಡಿಯಲ್ಲಿ ಎಷ್ಟೋ ಸಲ ನೋಡಿಕೊಂಡ ಸ್ಪ್ರಿಂಗು. ವಾಲಿದ ಹಲ್ಲಿನ ಕೆನ್ನೆಯ ಬದಿಗೆ ಲೋಹದ ಪುಟ್ಟ ಕೊಳವೆಯೊಂದನ್ನು ಅಂಟಿಸಿದರು. ಅದರೊಳಗೆ, ಅರ್ಧ ಮಿಲಿಮೀಟರಿನ ಆಸುಪಾಸಿನ ದಪ್ಪದ, ಆಯತಾಕಾರದ ತಂತಿಯೊಂದರ ತುದಿಯನ್ನು ತೂರಿಸಿದರು. ತಂತಿಯ ನಡುವೆ ಒಂದು ಸುರುಳಿ. ಅದರ ಮುಂದಿನ ತುದಿ, ಹಾಗೆಯೇ ಬಿಟ್ಟರೆ, ಕೆಳಗೆ ವಸಡಿನ ಬುಡದ ಕಡೆಗೆ ಇಳಿದು ನಿಲ್ಲುತ್ತಿತ್ತು. ವೈದ್ಯರು ಆ ತುದಿಯನ್ನು ಚಿಮಟದಿಂದ ಹಿಡಿದು ಮೇಲೆತ್ತಿ, ಮುಂದಿನ ಹಲ್ಲುಗಳ ಮೇಲೆ ಹಾಯ್ದಿದ್ದ ತಂತಿಗೆ ಕೊಕ್ಕೆಯಂತೆ ಸಿಕ್ಕಿಸಿದರು. ಸಿಕ್ಕಿಸಿದ ಸದ್ದೂ ಕೇಳಲಿಲ್ಲ. ತಂತಿ ತನ್ನ ಮೊದಲಿನ ಜಾಗಕ್ಕೆ ಇಳಿಯಲು ಸದಾ ಹವಣಿಸುತ್ತಿರುತ್ತದೆ, ಆ ಹವಣಿಕೆಯೇ ಹಿಂದಿನ ಹಲ್ಲಿನ ತಲೆಯನ್ನು ಹಿಂದಕ್ಕೆ ತಿರುಗಿಸುತ್ತದೆ. ಇದಕ್ಕೆ ಬಳಸುವ ಟೈಟಾನಿಯಂ-ಮಾಲಿಬ್ಡಿನಂ ಮಿಶ್ರಲೋಹದ ತಂತಿಯನ್ನು ದಂತಚಿಕಿತ್ಸೆಗೆ 1980ರ ಸುಮಾರಿಗೆ ತಂದವರು ಅಮೆರಿಕದ ಚಾರ್ಲ್ಸ್ ಬರ್ಸ್ಟೋನ್ ಮತ್ತು ಅವರ ಸಹೋದ್ಯೋಗಿ ಗೋಲ್ಡ್‌ಬರ್ಗ್. ಅದು ಉಕ್ಕಿನ ತಂತಿಯ ಅರ್ಧದಷ್ಟೂ ಬಿಗಿಯಿಲ್ಲ, ಆದರೆ ಬಾಗಿಸಿದ ಆಕಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಗುರವಾದ ಬಲವನ್ನು ಬಹುಕಾಲ ಕೊಡಲು ಬೇಕಾದದ್ದು ಇವೇ ಎರಡು ಗುಣ.

ಹಲ್ಲು ಎದ್ದು ನಿಲ್ಲುವಾಗ ಅಕ್ಷರಶಃ ಮೇಲಕ್ಕೂ ಬರುತ್ತದೆ. ಹೀಗೆ ಮೇಲೆ ಬಂದಾಗ ಎದುರಿನ ಹಲ್ಲಿಗೆ ಮೊದಲು ತಾಗಿ, ಬಾಯಿ ಮುಚ್ಚಿದರೆ ಉಳಿದ ಹಲ್ಲುಗಳು ಕೂಡುವುದೇ ಇಲ್ಲ. ನನಗೆ ಈ ಹಂತವೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಊಟಕ್ಕೆ ಕುಳಿತರೆ ಬಲಗಡೆಯ ಒಂದೇ ಬಿಂದುವಿನ ಮೇಲೆ ಇಡೀ ದವಡೆ ನಿಂತಂತೆ ಆಗುತ್ತಿತ್ತು. ವೈದ್ಯರು ಪ್ರತಿ ಭೇಟಿಯಲ್ಲೂ ಬಣ್ಣದ ತೆಳು ಕಾಗದವನ್ನು ಕಚ್ಚಿಸಿ, ಗುರುತು ಬಿದ್ದ ಕಡೆ ಹಲ್ಲಿನ ನೆತ್ತಿಯನ್ನು ಸ್ವಲ್ಪಸ್ವಲ್ಪವೇ ಅರೆಯುತ್ತಿದ್ದರು. ಮುಂದೆ ಹೇಗೂ ಅದರ ಮೇಲೆ ಕ್ಯಾಪು ಬರುವುದಾದರೆ ಈ ಅರೆತದಿಂದ ನಷ್ಟವಿಲ್ಲ. ಮೂಳೆಯೊಳಗಿನ ಬೇರಿಗೆ ಹೋಲಿಸಿದರೆ ಹೊರಗಿನ ಭಾಗ ಚಿಕ್ಕದಾಗುವುದು ಹಲ್ಲಿನ ಬಾಳಿಕೆಗೆ ಒಳ್ಳೆಯದೇ. ನೋವಿನ ಮಾತೆತ್ತಿದರೆ, ತಂತಿ ಬಿಗಿದ ಮೊದಲ ಎರಡು ಮೂರು ದಿನ ಮಂದವಾದ ನೋವಿರುತ್ತಿತ್ತು, ಆಗ ಮೆತ್ತಗಿನ ಕಡುಬು, ಗಂಜಿ, ಚಿತ್ರಾನ್ನ ಸಾಕಾಗುತ್ತಿತ್ತು. ಸ್ಪ್ರಿಂಗಿನ ಸುರುಳಿ ಕೆನ್ನೆಯ ಒಳಬದಿಗೆ ಉಜ್ಜಿ ಹುಣ್ಣಾದಾಗ ಅದರ ಮೇಲೆ ಮೇಣದ ಉಂಡೆ ಒತ್ತಿಕೊಳ್ಳುತ್ತಿದ್ದೆ. ಚಕ್ಕುಲಿ, ಕೋಡುಬಳೆ, ಹುರಿಗಡಲೆಯನ್ನು ದೂರವಿಟ್ಟೆ. ಹಲ್ಲುಸಂದಿಗೆ ತೂರುವ ಪುಟ್ಟ ಬ್ರಷ್ಷನ್ನು ಊಟದ ನಂತರ ಪ್ರತಿ ಸಲವೂ ಬಳಸಬೇಕಿತ್ತು, ಈ ಶ್ರದ್ಧೆ ಇಲ್ಲದವರು ಚಿಕಿತ್ಸೆಗೆ ಇಳಿಯದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಿಂದಿನ ಹಲ್ಲನ್ನು ತಿರುಗಿಸುವ ಬಲಕ್ಕೆ ಎದುರಾಗಿ ಅಷ್ಟೇ ಬಲ ಮುಂದಿನ ಹಲ್ಲುಗಳ ಮೇಲೂ ಬೀಳುತ್ತದೆ. ಅವು ಅಲುಗದಂತೆ ಚಿಕ್ಕ ದವಡೆಹಲ್ಲುಗಳನ್ನೂ ಕೋರೆಹಲ್ಲನ್ನೂ ಒಂದಕ್ಕೊಂದು ಕಟ್ಟಿಹಾಕುತ್ತಾರೆ, ನಾಲಿಗೆಯ ಬದಿಯಿಂದ ಎರಡೂ ಕಡೆಯ ಕೋರೆಹಲ್ಲುಗಳನ್ನು ತಂತಿಯಿಂದ ಬೆಸೆಯುವುದೂ ಉಂಟು. ಈಗ ಇದಕ್ಕೊಂದು ಸುಲಭದ ದಾರಿಯಿದೆ. ಒಂದೂವರೆ ಮಿಲಿಮೀಟರಿನ ಆಸುಪಾಸಿನ ವ್ಯಾಸದ ಟೈಟಾನಿಯಂ ಮಿನಿ ಸ್ಕ್ರೂವನ್ನು ನೇರವಾಗಿ ದವಡೆಯ ಮೂಳೆಗೆ ಕೂರಿಸಿ ಅದರಿಂದಲೇ ಹಲ್ಲನ್ನು ಎಳೆಯುವುದು. ಜಪಾನಿನ ರ‍್ಯೂಜೊ ಕನೋಮಿ 1997ರಲ್ಲಿ ಇಂತಹ ಪುಟ್ಟ ಸ್ಕ್ರೂಗಳ ಬಳಕೆಯನ್ನು ವರದಿ ಮಾಡಿದ ಮೇಲೆ ಈ ಪದ್ಧತಿ ವೇಗವಾಗಿ ಹರಡಿತು. ಸ್ಥಳೀಯ ಅರಿವಳಿಕೆಯ ಕೆಲವು ಹನಿಗಳಲ್ಲಿ ಸ್ಕ್ರೂ ಕೂರಿಸಿ ಮುಗಿಯುತ್ತದೆ, ಕೆಲಸ ಮುಗಿದ ಮೇಲೆ ತೆಗೆದುಬಿಡುತ್ತಾರೆ. ಬಾಯಿಯ ಉಳಿದ ಹಲ್ಲುಗಳಿಗೆ ಕ್ಲಿಪ್ಪೇ ಬೇಡ ಎಂಬುದು ಇದರ ದೊಡ್ಡ ಅನುಕೂಲ. ಕೆಲವೊಮ್ಮೆ ಸ್ಕ್ರೂ ಸಡಿಲವಾಗಿ ಮತ್ತೊಂದು ಕಡೆ ಹಾಕಬೇಕಾಗುವುದು ಅನನುಕೂಲ.

ಜಾಗವನ್ನು ತೆರೆಯುವ ಬದಲು ಮುಚ್ಚಿಬಿಡುವ ಆಯ್ಕೆಯೂ ಇದೆ. ಹಲ್ಲಿನ ತಲೆಯನ್ನು ಹಿಂದಕ್ಕೆ ತಳ್ಳದೆ, ಬೇರುಗಳನ್ನೇ ಮುಂದಕ್ಕೆ ತಂದು, ಎರಡನೇ ದವಡೆಹಲ್ಲನ್ನು ಮೊದಲನೆಯದರ ಜಾಗದಲ್ಲಿ ನಿಲ್ಲಿಸುವುದು. ಹಿಂದೆ ಆರೋಗ್ಯವಾದ ಬುದ್ಧಿಹಲ್ಲಿರುವ ಎಳೆಯರಿಗೆ ಇದು ಬಹಳ ಒಳ್ಳೆಯದು, ಇಂಪ್ಲಾಂಟಿನ ಖರ್ಚೇ ಉಳಿಯುತ್ತದೆ. ಆದರೆ ಹಲ್ಲು ಹೋಗಿ ಬಹಳ ವರ್ಷವಾದ ಕಡೆ ಮೂಳೆ ಸೊರಗಿ ಕತ್ತಿಯ ಅಲಗಿನಂತೆ ತೆಳುವಾಗಿರುತ್ತದೆ, ಅದರೊಳಗೆ ದಪ್ಪ ಬೇರುಗಳನ್ನು ನಡೆಸುವುದು ಸುಲಭವಲ್ಲ. ತಿಂಗಳಿಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ, ಹತ್ತು ಹನ್ನೊಂದು ಮಿಲಿಮೀಟರಿನ ಜಾಗ ತುಂಬಲು ಎರಡು ವರ್ಷಗಳೂ ಬೇಕಾಗಬಹುದು. ನೆಟ್ಟಗೆ ಮಾಡುವುದಷ್ಟೇ ಆದರೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ನನ್ನ ವಯಸ್ಸಿಗೆ, ನನ್ನ ಮೂಳೆಗೆ ನೆಟ್ಟಗೆ ಮಾಡುವುದೇ ಸರಿಯೆಂದು ವೈದ್ಯರು ನಿರ್ಧರಿಸಿದರು, ನಾನೂ ಒಪ್ಪಿದೆ.

ಹಲ್ಲು ನೆಟ್ಟಗಾದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ತಂದದ್ದು ವಸಡು. ಹಲ್ಲು ಏಳುತ್ತ ಹೋದಂತೆ ಅದರ ಮುಂಬದಿಯ ಆ ಮಡಿಕೆ ತಾನಾಗಿಯೇ ಬಿಚ್ಚಿಕೊಂಡಿತ್ತು. ಮೊದಲಿಗೆ ಅಳತೆಕಡ್ಡಿ ಆಳಕ್ಕೆ ಇಳಿಯುತ್ತಿದ್ದ ಸಂದಿ ಈಗ ಅಷ್ಟಿರಲಿಲ್ಲ, ಬ್ರಷ್ ಸಲೀಸಾಗಿ ಮುಟ್ಟುತ್ತಿತ್ತು, ರಕ್ತ ನಿಂತಿತ್ತು. ಬ್ರಿಡ್ಜಿನ ಬದಲು ಕೊನೆಗೆ ಆರಿಸಿಕೊಂಡ ಇಂಪ್ಲಾಂಟ್ ಕೂರಿಸಿ ಅದರ ಮೇಲೆ ಹಲ್ಲು ಬರುವವರೆಗೆ ಗಟ್ಟಿ ತಂತಿಯೊಂದನ್ನು ಹಾಗೆಯೇ ಉಳಿಸಿದ್ದರು; ಈ ಹಂತದಲ್ಲಿ ‘ಚಿಕಿತ್ಸೆ ಮುಗಿಯಿತಲ್ಲ’ ಎಂದು ತಂತಿ ತೆಗೆಸಿ ತಿಂಗಳುಗಟ್ಟಲೆ ಸುಮ್ಮನಿದ್ದರೆ ಹಲ್ಲು ಮತ್ತೆ ವಾಲುತ್ತದೆ, ಪಟ್ಟ ಶ್ರಮವೆಲ್ಲ ನೀರುಪಾಲಾಗುತ್ತದೆ. ಕೆಳಗಿಳಿದಿದ್ದ ಮೇಲಿನ ಹಲ್ಲನ್ನು ಕೂಡ ಸ್ವಲ್ಪ ಅರೆದು ಹೊಂದಿಸಬೇಕಾಯಿತು. ಅದು ಇನ್ನೂ ಹೆಚ್ಚು ಇಳಿದಿದ್ದರೆ ಅದನ್ನು ಮೇಲೆ ತಳ್ಳಲು ಪ್ರತ್ಯೇಕ ಸ್ಕ್ರೂಗಳು ಬೇಕಾಗುತ್ತಿದ್ದವಂತೆ.

ಎಲ್ಲರಿಗೂ ಇದು ಆಗುತ್ತದೆಂದು ಹೇಳಲಾರೆ. ವಸಡಿನ ಕಾಯಿಲೆಯಿಂದ ಮೂಳೆ ತೀರ ಕರಗಿದವರಿಗೆ, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಾರದವರಿಗೆ, ಹಲ್ಲು ಅಲುಗಾಡುವವರಿಗೆ ವೈದ್ಯರು ಬೇಡವೆನ್ನಬಹುದು. ಮೂಳೆ ಸವೆತಕ್ಕೆಂದು ಬಿಸ್ಫಾಸ್ಫೊನೇಟ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರು ಅದನ್ನು ಮುಂಚೆಯೇ ಹೇಳಲೇಬೇಕು, ಏಕೆಂದರೆ ಮೂಳೆ ಕರಗುವುದನ್ನೇ ತಡೆಯುವ ಆ ಔಷಧದಿಂದ ಹಲ್ಲಿನ ಚಲನೆ ನಿಧಾನವಾಗುತ್ತದೆ, ಹಲ್ಲು ಕೀಳಿಸಿದ ಗಾಯವೂ ಬೇಗ ಮಾಯದಿರಬಹುದು. ವಯಸ್ಸೊಂದೇ ಅಡ್ಡಿಯಲ್ಲ. ಖರ್ಚಿನ ಚಿಂತೆ ಇರುವವರಿಗೆ ದಂತ ಕಾಲೇಜುಗಳಿವೆ. 1958ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಮೊದಲ್ಗೊಂಡು ಧಾರವಾಡ, ಮಣಿಪಾಲ, ದಾವಣಗೆರೆ, ಮೈಸೂರುಗಳ ಕಾಲೇಜುಗಳವರೆಗೆ ಹಲವೆಡೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಚಿಕಿತ್ಸೆ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಒಂದು ಹಲ್ಲಿನ ಮೇಲೆ ಅವರು ಮಾಡುವಷ್ಟು ಚರ್ಚೆ ಬೇರೆಡೆ ಸಿಗುವುದು ಅಪರೂಪ.

ಇನ್ನು ಮಕ್ಕಳ ವಿಷಯ. ಆರನೇ ವರ್ಷದ ಹಲ್ಲಿನ ಗೆರೆಗಳನ್ನು ಸೀಲಂಟ್ ಎಂಬ ತೆಳು ಲೇಪದಿಂದ ಮುಚ್ಚಿಬಿಟ್ಟರೆ ಹುಳುಕಿನ ಸಂಭವ ಬಹಳ ತಗ್ಗುತ್ತದೆ. ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ, ಒಂದು ಭೇಟಿಯಲ್ಲಿ ಮುಗಿಯುತ್ತದೆ. ಹಲ್ಲು ಉಳಿಸಲಾಗದಷ್ಟು ಕೆಟ್ಟಿದ್ದು ಕೀಳಿಸಲೇಬೇಕಾದರೆ ಅದಕ್ಕೂ ಒಂದು ಕಾಲವಿದೆ. ಎಂಟರಿಂದ ಹತ್ತರ ವಯಸ್ಸಿನಲ್ಲಿ, ಎರಡನೇ ದವಡೆಹಲ್ಲು ಇನ್ನೂ ಮೂಳೆಯೊಳಗೆ ರೂಪುಗೊಳ್ಳುತ್ತಿರುವಾಗ ಕಿತ್ತರೆ, ಅದು ಮುಂದಕ್ಕೆ ಸರಿದು ಆ ಜಾಗವನ್ನು ತಾನೇ ತುಂಬಿಕೊಳ್ಳುವ ಸಾಧ್ಯತೆ ಇರುತ್ತದೆ, ಮೇಲ್ದವಡೆಯಲ್ಲಿ ಹೆಚ್ಚು, ಕೆಳದವಡೆಯಲ್ಲಿ ಕಡಿಮೆ. ಹನ್ನೆರಡರ ನಂತರ ಕಿತ್ತರೆ ಬಹುಮಟ್ಟಿಗೆ ವಾಲುವುದೇ. ಆದ್ದರಿಂದ ಮಗುವಿನ ದವಡೆಹಲ್ಲು ಕೀಳಬೇಕೆಂದು ಯಾರಾದರೂ ಹೇಳಿದಾಗ, ಮೊದಲು ಎಕ್ಸ್‌ರೇ ತೆಗೆಸಿ, ಹಿಂದಿನ ಹಲ್ಲು ಎಲ್ಲಿಯವರೆಗೆ ಬೆಳೆದಿದೆ ಎಂದು ಕೇಳಿ, ಸಾಧ್ಯವಾದರೆ ಕೀಳಿಸುವ ಮುನ್ನವೇ ಆರ್ಥೊಡಾಂಟಿಸ್ಟರಿಗೆ ಒಮ್ಮೆ ತೋರಿಸಿ.